ಎಂಟು ದಿನ, ಜೊತೆಗೆ ಅಮ್ಮ: ಯಾವ ಅರಮನೆ ನೋಡೋದು, ಯಾವುದು ಬಿಡೋದು?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಎಂಟು ದಿನ ರಜೆ ಸಿಕ್ಕಿದೆ, ಶನಿವಾರದಿಂದ ಮುಂದಿನ ಶನಿವಾರದವರೆಗೆ. ದಾವಣಗೆರೆಯಿಂದ ಹೊರಡುತ್ತೇವೆ. ನಾನು, ಹೆಂಡತಿ, 11 ವರ್ಷದ ಮಗ, 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿ ನೋವು, ಆದರೆ ಉತ್ಸಾಹಕ್ಕೇನೂ ಕಮ್ಮಿ ಇಲ್ಲ. "ದೇವಸ್ಥಾನ ಬೇಕಾದಷ್ಟು ನೋಡಿದ್ದಾಯ್ತು, ಈ ಸಲ ರಾಜರ ಮನೆ ತೋರಿಸು" ಅಂತ ಅವರೇ ಕೇಳಿದ್ದು.

ನನ್ನ ಪಟ್ಟಿ: ಮೈಸೂರು, ಶ್ರೀರಂಗಪಟ್ಟಣ, ಬೆಂಗಳೂರು, ತಂಜಾವೂರು, ಮದುರೈ, ಪದ್ಮನಾಭಪುರ, ತಿರುವನಂತಪುರ, ಕೊಚ್ಚಿ, ಹೈದರಾಬಾದ್. ಬರೆದು ಮುಗಿಸಿ ನೋಡಿದರೆ ಚುನಾವಣೆ ಪ್ರಚಾರದ ಪಟ್ಟಿ ಥರ ಇದೆ. ಯಾವುದಕ್ಕೆ ಕತ್ತರಿ ಹಾಕಲಿ? ಅಮ್ಮನಿಗೆ ಮೆಟ್ಟಿಲು ಜಾಸ್ತಿ ಇರಬಾರದು. ಮಗನಿಗೆ ಬೇಜಾರಾಗಬಾರದು. ನನಗೆ ಸುಮ್ನೆ ಕನ್ನಡಿ, ಕುರ್ಚಿ, ದೀಪದ ಗುಚ್ಛ ನೋಡಿಕೊಂಡು ಹಗ್ಗದ ಪಕ್ಕದಲ್ಲಿ ಸಾಲಾಗಿ ನಡೆದು ಹೊರಗೆ ಬರೋದು ಬೇಡ.

ಹಳೇಮೈಸೂರು

ಮೊದಲು ಹೈದರಾಬಾದ್ ತೆಗೆಯಿರಿ. ಅದು ಬೇರೆಯದೇ ಪ್ರವಾಸ.

ಮೈಸೂರು ಮಾತ್ರ ಬಿಡಬೇಡಿ. ಶಾಲೆಯ ಟ್ರಿಪ್‌ನಲ್ಲಿ ನೋಡಿದ್ದೀನಿ ಅಂತ ಹೇಳುವವರೇ ಜಾಸ್ತಿ, ಆದರೆ ಆಗ ಮೇಷ್ಟ್ರು ನಮ್ಮನ್ನು ಕುರಿ ಹೊಡೆದ ಹಾಗೆ ಹೊಡೆದುಕೊಂಡು ಹೋಗಿದ್ದರು, ನೋಡಿದ್ದು ಮುಂದಿನವನ ಬೆನ್ನು ಮಾತ್ರ. ಈಗ ಭಾನುವಾರ ಮಧ್ಯಾಹ್ನ ಮೂರರ ಮೇಲೆ ಒಳಗೆ ಹೋಗಿ. ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆ ಎತ್ತಿ ನವಿಲಿನ ಬಣ್ಣದ ಗಾಜು ನೋಡುತ್ತಾರೆ. ನೀವು ನೆಲವನ್ನೂ ನೋಡಿ, ಅಲ್ಲಿನ ಹೆಂಚಿನಲ್ಲೂ ಅದೇ ನವಿಲು. ಆ ಕಂಬಗಳು ಕಬ್ಬಿಣದವು, ಗ್ಲಾಸ್ಗೋದಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದಿದ್ದು. ಸುತ್ತ ಗೋಡೆಗೆ ದಸರಾ ಮೆರವಣಿಗೆಯ ಚಿತ್ರಗಳಿವೆ. ಅವುಗಳಲ್ಲಿರುವ ಮುಖಗಳು ಕಲ್ಪನೆಯವಲ್ಲ, ಆ ಕಾಲದಲ್ಲಿ ನಿಜವಾಗಿ ಮೆರವಣಿಗೆಯಲ್ಲಿ ನಡೆದವರದು. ಅಲ್ಲಿ ಹತ್ತು ನಿಮಿಷ ನಿಲ್ಲಿ. ನಿಮ್ಮ ಮಗನಿಗೆ ಆನೆ ಎಣಿಸೋ ಕೆಲಸ ಕೊಡಿ.

ಸಂಜೆ ಏಳಕ್ಕೆ ದೀಪ. ಭಾನುವಾರ ಮತ್ತು ಸರ್ಕಾರಿ ರಜೆ ದಿನ ಮಾತ್ರ. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲ ಹತ್ತುತ್ತವೆ. ಅದನ್ನು ನೋಡಿ "ಓ" ಅನ್ನದವರನ್ನು ನಾನಂತೂ ಕಂಡಿಲ್ಲ, ಮೈಸೂರಿನಲ್ಲೇ ಹುಟ್ಟಿದ ನಾನೂ ಅಂತೀನಿ.

ಇಟ್ಟಿಗೆಗಾರೆ

ನಾನು ಕಟ್ಟಡದ ಕೆಲಸದವನು, ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಂಟು ದಿನದಲ್ಲಿ ಒಂದೇ ಅರಮನೆ ನೋಡಲು ಬಿಟ್ಟರೆ ನಾನು ಪದ್ಮನಾಭಪುರಕ್ಕೇ ಹೋಗುತ್ತೇನೆ. ಉಳಿದ ಏಳು ದಿನ ಅದರ ಬಗ್ಗೆ ಮಾತಾಡುತ್ತೇನೆ, ಹೆಂಡತಿ ಬೈದರೂ ಸರಿ.

ಅದು ಇರೋದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿ, ತಕ್ಕಲೈ ಪಕ್ಕ. ನೋಡಿಕೊಳ್ಳೋದು ಮಾತ್ರ ಕೇರಳದ ಪುರಾತತ್ವ ಇಲಾಖೆ. ತಿರುವಾಂಕೂರು ರಾಜರ ಹಳೇ ರಾಜಧಾನಿ ಅದು. 1956ರಲ್ಲಿ ಭಾಷೆ ನೋಡಿ ರಾಜ್ಯ ಭಾಗ ಮಾಡಿದಾಗ ಊರು ಆ ಕಡೆ ಹೋಯಿತು, ಅರಮನೆ ಈ ಕಡೆಯವರ ಕೈಯಲ್ಲಿ ಉಳಿಯಿತು. ಅಣ್ತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡಾಗ ಬಾವಿ ಒಬ್ಬನಿಗೆ, ಬಾವಿಯ ದಾರಿ ಇನ್ನೊಬ್ಬನಿಗೆ ಬರುತ್ತಲ್ಲ, ಹಾಗೆ.

ಒಳಗೆ ಹೊಳೆಯೋದು ಏನೂ ಇಲ್ಲ, ನೆಲ ಒಂದು ಬಿಟ್ಟು. ಕರಿ ಕನ್ನಡಿ ಥರದ ನೆಲ. ಸುಣ್ಣ, ತೆಂಗಿನ ಚಿಪ್ಪಿನ ಇದ್ದಿಲು, ಮೊಟ್ಟೆಯ ಬಿಳಿ, ಗಿಡದ ರಸ ಎಲ್ಲ ಸೇರಿಸಿ ತಿಕ್ಕಿ ತಿಕ್ಕಿ ಮಾಡಿದ್ದು ಅಂತ ಹೇಳುತ್ತಾರೆ. ಬರಿಗಾಲಲ್ಲಿ ನಡೆಯಬೇಕು, ಚಪ್ಪಲಿ ಬಿಡಿಸುತ್ತಾರೆ. ಕಾಲಿಗೆ ತಣ್ಣಗೆ. ಕಿಟಕಿಯ ಮರದ ಪಟ್ಟಿಗಳ ನಡುವಿನಿಂದ ಬರೋ ಬೆಳಕು ಆ ನೆಲದ ಮೇಲೆ ಗೆರೆ ಗೆರೆಯಾಗಿ ಬೀಳುತ್ತದೆ. ಹೊರಗೆ ಎಷ್ಟು ಸೆಖೆ ಇದ್ದರೂ ಒಳಗೆ ಗಾಳಿ ಆಡುತ್ತಿರುತ್ತದೆ. ಫ್ಯಾನ್ ಇಲ್ಲದ ಕಾಲದಲ್ಲಿ ಸೆಖೆಯ ಊರಿನಲ್ಲಿ ಬದುಕೋದು ಹೇಗೆ ಅನ್ನುವ ಲೆಕ್ಕವನ್ನು ಆ ಬಡಗಿಗಳು ಅಲ್ಲಿ ಬಿಡಿಸಿ ಇಟ್ಟಿದ್ದಾರೆ.

ಸೋಮವಾರ ರಜೆ. ಮಧ್ಯಾಹ್ನ ಊಟದ ಹೊತ್ತಲ್ಲೂ ಬಿಡುವು ಇರುತ್ತದೆ. ಬೆಳಗ್ಗೆಯೇ ಹೋಗಿ.

ಬೀದರ್‌ಬಿಸಿಲು

ಪ್ರತಿ ಸಲ ಇದೇ ಕತೆ. ದಕ್ಷಿಣದ ಅರಮನೆ ಅಂದರೆ ಎಲ್ಲರಿಗೂ ಮೈಸೂರಿನಿಂದ ಕೆಳಗೆ ಮಾತ್ರ ಕಾಣುತ್ತದೆ. ತುಂಗಭದ್ರೆಯ ಆಚೆ ರಾಜರೇ ಇರಲಿಲ್ಲವಾ? ಬೀದರ್ ಕೋಟೆಯೊಳಗಿನ ರಂಗೀನ್ ಮಹಲ್ ಎಷ್ಟು ಜನ ನೋಡಿದ್ದೀರಿ? ಕರಿ ಕಲ್ಲಿನಲ್ಲಿ ಕಪ್ಪೆಚಿಪ್ಪಿನ ಹೊಳಪನ್ನು ಕೂದಲೆಳೆಯಷ್ಟು ಸಣ್ಣಗೆ ಕೂರಿಸಿ ಬಳ್ಳಿ ಬಿಡಿಸಿದ್ದಾರೆ. ಮುಂದಿನ ಪಡಸಾಲೆಯಲ್ಲಿ ಕೆತ್ತಿದ ಮರದ ಕಂಬಗಳು ಇನ್ನೂ ಹಾಗೇ ನಿಂತಿವೆ, ಬೀದರ್ ಆಳಿದ ಬರೀದ್‌ಶಾಹಿಗಳ ಕಾಲದ್ದು. ಕೆಲವೊಮ್ಮೆ ಬೀಗ ಹಾಕಿರುತ್ತಾರೆ, ಅಲ್ಲೇ ಇರೋ ಕಚೇರಿಯಲ್ಲಿ ಕೇಳಿದರೆ ತೆಗೆದು ತೋರಿಸುತ್ತಾರೆ. ನಾವು ಹೋದಾಗ ಆ ಕೋಣೆಯಲ್ಲಿ ನಾವು ಮೂರೇ ಜನ. ಮೈಸೂರಲ್ಲಿ ಇದು ಸಾಧ್ಯವಾ?

ವಿಜಯಪುರದ ಗಗನ್ ಮಹಲ್ ಹೋಗಲಿ, ಅದರ ಕಮಾನಾದರೂ ನೋಡಿ, 1561ರದ್ದು. ಚಾವಣಿ ಇಲ್ಲ, ಕಮಾನು ಮಾತ್ರ ಎದೆ ಸೆಟೆಸಿ ನಿಂತಿದೆ.

ಹಳೇಮೈಸೂರು

ಬೀದರ್‌ಬಿಸಿಲು, ನಿಮ್ಮ ಮಾತು ಸರಿ. ಆದರೆ ಅವರಿಗೆ ಇರೋದು ಎಂಟು ದಿನ. ದಾವಣಗೆರೆಯಿಂದ ಬೀದರ್, ಬೀದರ್‌ನಿಂದ ಕನ್ಯಾಕುಮಾರಿ, ಅಂದರೆ ಅಮ್ಮನ ಮಂಡಿ ಗತಿ ಏನು?

ಬೀದರ್‌ಬಿಸಿಲು

ಹಾಗಾದರೆ ಇನ್ನೊಂದು ರಜೆ ತಗೊಳ್ಳಲಿ. ಬೀದರ್, ಹೈದರಾಬಾದ್ ಸೇರಿಸಿ ನಾಲ್ಕು ದಿನ ಸಾಕು. ಹೈದರಾಬಾದಿನ ಚೌಮಹಲ್ಲಾ ಅರಮನೆ ಅಂತೂ ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿದೆ, ಸಮತಟ್ಟು ಜಾಗ, ಮಧ್ಯೆ ನೀರಿನ ಕೊಳ, ಕೂರಲು ನೆರಳು. ದರ್ಬಾರಿನಲ್ಲಿ 19 ದೊಡ್ಡ ಗಾಜಿನ ದೀಪಗುಚ್ಛ. ಶುಕ್ರವಾರ ರಜೆ. ಬರೆದಿಟ್ಟುಕೊಳ್ಳಿ.

ಸುಮ್ನೆಕೇಳ್ತೀನಿ

ಮಧ್ಯೆ ಒಂದು ಪೆದ್ದು ಪ್ರಶ್ನೆ. ವಿಜಯನಗರದವರು ಇವರೆಲ್ಲರಿಗಿಂತ ದೊಡ್ಡ ರಾಜರು ಅಲ್ವಾ? ಹಂಪಿಯಲ್ಲಿ ಅಷ್ಟೊಂದು ದೇವಸ್ಥಾನ ಇದೆ. ಕೃಷ್ಣದೇವರಾಯ ಮಲಗ್ತಿದ್ದ ಮನೆ ಎಲ್ಲಿ? ಗೈಡ್ ಒಂದು ಕಲ್ಲಿನ ಕಟ್ಟೆ ತೋರಿಸಿ "ಇದೇ ಅರಮನೆ" ಅಂದ. ನನ್ನ ಮಗಳು ನಕ್ಕುಬಿಟ್ಟಳು.

ಇಟ್ಟಿಗೆಗಾರೆ

ಪೆದ್ದು ಪ್ರಶ್ನೆ ಅಲ್ಲ. ಇಡೀ ಚರ್ಚೆಯಲ್ಲಿ ಒಳ್ಳೇ ಪ್ರಶ್ನೆ ಇದೇ.

ಗೈಡ್ ಹೇಳಿದ್ದು ಸರಿ. ದೇವರಿಗೆ ಕಲ್ಲು, ಮನುಷ್ಯರಿಗೆ ಮರ, ಅದು ರಾಜನೇ ಆಗಿದ್ದರೂ. ನಮ್ಮ ಕಡೆ ತುಂಬಾ ಕಾಲ ನಡೆದುಬಂದ ಲೆಕ್ಕ ಅದು. ಕೆಳಗೆ ಕಲ್ಲಿನ ಜಗಲಿ, ಮೇಲೆ ಮರದ ಕಂಬ, ಮರದ ತೊಲೆ, ಗಾರೆ ಚಾವಣಿ. ಹಂಪಿಯ ರಾಜರ ಆವರಣದಲ್ಲಿ ನೂರು ಕಂಬದ ಸಭಾಂಗಣ ಅಂತ ಒಂದು ಕಟ್ಟೆ ಇದೆಯಲ್ಲ, ಮುಂದಿನ ಸಲ ಹೋದಾಗ ಅದರ ಮೇಲೆ ಹತ್ತಿ ಕೆಳಗೆ ನೋಡಿ. ಕಂಬ ಕೂರಿಸಿದ್ದ ಗುರುತುಗಳು ಸಾಲಾಗಿ ಸಿಗುತ್ತವೆ. ಪಕ್ಕದಲ್ಲಿ ಮೆಟ್ಟಿಲು ಇದೆ, ಅದು ಮೇಲಕ್ಕೆ ಹೋಗಿ ಆಕಾಶದಲ್ಲಿ ನಿಲ್ಲುತ್ತದೆ. ಮಹಡಿ ಇತ್ತು, ಈಗಿಲ್ಲ. 1565ರ ಯುದ್ಧ ಸೋತ ಮೇಲೆ ಊರನ್ನು ಲೂಟಿ ಮಾಡಿ ಸುಟ್ಟರು. ಮರ ಬೂದಿಯಾಯಿತು, ಕಟ್ಟೆ ಉಳಿಯಿತು.

ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಮನೆಯ ಒಂದು ಕೋಣೆ ನೋಡಿದ್ದನಂತೆ. ಗೋಡೆ, ಕಂಬ ಎಲ್ಲಾ ದಂತ, ಮೇಲಿನ ತೊಲೆಗಳಲ್ಲಿ ದಂತದ ಗುಲಾಬಿ, ದಂತದ ತಾವರೆ. ಹಾಗಂತ ಅವನೇ ಬರೆದಿಟ್ಟಿದ್ದಾನೆ. ಅದರ ಒಂದು ಎಸಳೂ ಈಗ ಅಲ್ಲಿಲ್ಲ. ಕಮಲ ಮಹಲ್ ಯಾಕೆ ಉಳಿಯಿತು ಅಂದರೆ ಅದು ಇಟ್ಟಿಗೆ ಮತ್ತು ಗಾರೆಯದು, ಕಮಾನಿನ ಮೇಲೆ ನಿಂತದ್ದು.

ಈಗ ಮೈಸೂರಿಗೆ ಬನ್ನಿ. ಈಗಿನ ಅರಮನೆಗೆ ಮುಂಚೆ ಅಲ್ಲಿ ಇದ್ದದ್ದೂ ಮರದ ಅರಮನೆಯೇ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಂಭ್ರಮದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಆಮೇಲೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಇಂಗ್ಲಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ನನ್ನು ಕರೆಸಿ ಕಟ್ಟಿಸಿದ್ದು ಕಲ್ಲು, ಕಬ್ಬಿಣದ ಅರಮನೆ. 1912ರಲ್ಲಿ ಮುಗಿಯಿತು, 41 ಲಕ್ಷಕ್ಕೂ ಜಾಸ್ತಿ ಖರ್ಚು. ಕಲ್ಯಾಣ ಮಂಟಪಕ್ಕೆ ಗ್ಲಾಸ್ಗೋ ಕಬ್ಬಿಣ ಯಾಕೆ ಬಂತು ಅನ್ನೋದು ಈಗ ಅರ್ಥವಾಯ್ತಾ? ಒಂದು ಸಲ ಮದುವೆಮನೆಗೆ ಬೆಂಕಿ ಬಿದ್ದ ಮೇಲೆ ಯಾರಾದರೂ ಮತ್ತೆ ಮರದಲ್ಲಿ ಮದುವೆ ಮಂಟಪ ಕಟ್ಟಿಸುತ್ತಾರಾ?

ಅದಕ್ಕೇ ನಾನು ಪದ್ಮನಾಭಪುರ ಅಂದಿದ್ದು. ಸುಡದೇ ಉಳಿದದ್ದು ಅದು. 1601ರ ಹೊತ್ತಿಗೆ ಶುರುವಾಗಿ, 1750ರ ಸುಮಾರಿಗೆ ತಿರುವಾಂಕೂರಿನ ರಾಜ ಮಾರ್ತಾಂಡವರ್ಮ ಬೆಳೆಸಿದ ಮರದ ಮನೆ ಈಗಲೂ ನಿಂತಿದೆ. 1795ರಲ್ಲಿ ರಾಜಧಾನಿ ತಿರುವನಂತಪುರಕ್ಕೆ ಹೋಯಿತು. ಆಮೇಲೆ ಅದನ್ನು ಕೆಡವಿ ಹೊಸ ಫ್ಯಾಷನ್‌ನಲ್ಲಿ ಕಟ್ಟಿಸುವ ಹುಕಿ ಯಾರಿಗೂ ಬರಲಿಲ್ಲ. ನಮ್ಮ ಪುಣ್ಯ.

ಸುಮ್ನೆಕೇಳ್ತೀನಿ

ಮಗಳಿಗೆ ಓದಿ ಹೇಳಿದೆ. ಆಕಾಶಕ್ಕೆ ಹೋಗೋ ಮೆಟ್ಟಿಲು ಅವಳಿಗೆ ನೆನಪಿದೆಯಂತೆ, ಅದರ ಮೇಲೇ ಕೂತು ಕಡಲೆಕಾಯಿ ತಿಂದಿದ್ದಳಂತೆ.

ಕಾವೇರಿದಂಡೆ

ಶ್ರೀರಂಗಪಟ್ಟಣದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನ ತವರು ಅಲ್ಲೇ ಹತ್ತಿರ, ಹಾಗಾಗಿ ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಟಿಪ್ಪುವಿನ ದೊಡ್ಡ ಅರಮನೆ ಲಾಲ್ ಮಹಲ್ ಈಗ ಇಲ್ಲ. ಉಳಿದದ್ದು ಊರ ಹೊರಗಿನ ದರಿಯಾ ದೌಲತ್, 1784ರಲ್ಲಿ ಕಟ್ಟಿಸಿದ್ದು, ಬೇಸಿಗೆ ಮನೆ. ತೇಗದ ಕಂಬ, ಸುತ್ತ ಜಗಲಿ, ಬಿಸಿಲು ಬೀಳದ ಹಾಗೆ ಹಸಿರು ಪರದೆ ಇಳಿಬಿಟ್ಟಿರುತ್ತಾರೆ. ದೂರದಿಂದ ನೋಡಿದರೆ "ಇಷ್ಟೇನಾ" ಅನ್ನಿಸುತ್ತದೆ. ಹತ್ತಿರ ಹೋಗಿ. ಗೋಡೆಯ ಮೇಲೆ ಅಂಗೈಯಷ್ಟೂ ಖಾಲಿ ಜಾಗ ಇಲ್ಲ, ಎಲ್ಲಾ ಚಿತ್ರ.

ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧ ಇದೆ. 1780ರ ಸೆಪ್ಟೆಂಬರ್‌ನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕಂಪನಿಯ ದಂಡನ್ನು ಬಡಿದದ್ದು. ಇಂಗ್ಲಿಷ್ ಸಿಪಾಯಿಗಳು ಕೆಂಪಂಗಿ ಹಾಕಿಕೊಂಡು ಚೌಕಾಕಾರದಲ್ಲಿ ನಿಂತಿದ್ದಾರೆ. ಮಧ್ಯೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ. ಅವನ ಮುಖ ಹುಡುಕಿ, ಬೆರಳು ಬಾಯಲ್ಲಿ ಇಟ್ಟುಕೊಂಡಿದ್ದಾನೆ. ಪಕ್ಕದಲ್ಲೇ ಮದ್ದಿನ ಬಂಡಿ ಸಿಡಿದು ಹೊಗೆ ಏಳುತ್ತಿದೆ. ಈ ಕಡೆ ನಮ್ಮವರು ಕುದುರೆ ಮೇಲೆ ಹೂ ಮೂಸುತ್ತಾ ಬರುತ್ತಿರೋ ಹಾಗಿದ್ದಾರೆ, ಯುದ್ಧಕ್ಕೋ ಬೀಗರ ಮನೆಗೋ ಗೊತ್ತಾಗಲ್ಲ. ನಾನು ಚಿಕ್ಕವಳಿದ್ದಾಗ ಅಜ್ಜಿ ಜೊತೆ ಹೋಗುತ್ತಿದ್ದೆ, ಬೇಲಿ ಉಗುರು ಕಚ್ಚೋದನ್ನು ತೋರಿಸಿ "ನೋಡು, ಉಗುರು ಕಚ್ಚಿದರೆ ಯುದ್ಧ ಸೋಲ್ತಾರೆ" ಅಂತ ನನ್ನನ್ನು ಹೆದರಿಸುತ್ತಿದ್ದರು.

ತಮಾಷೆ ಏನು ಗೊತ್ತಾ? 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ಇದ್ದ. ತಮ್ಮವರು ಸೋತ ಚಿತ್ರವನ್ನು ಅಳಿಸಲಿಲ್ಲ, ಮಾಸಿದ್ದಕ್ಕೆ ಮತ್ತೆ ಬಣ್ಣ ಹಾಕಿಸಿದ.

ಬಿಸಿಲೇರುವ ಮುಂಚೆ ಹೋಗಿ. ತೋಟದಲ್ಲಿ ಕೂರಬಹುದು, ಅಮ್ಮನಿಗೆ ಕಷ್ಟ ಆಗಲ್ಲ. ಇದನ್ನು ನೋಡಿದ ಮೇಲೆ ಬೆಂಗಳೂರಿನ ಕೋಟೆ ಪಕ್ಕದ ಟಿಪ್ಪು ಅರಮನೆ ಬಿಟ್ಟರೂ ನಡೆಯುತ್ತದೆ. ಅದೂ ಚೆನ್ನಾಗಿದೆ, 1791ರದ್ದು, ಮರದ್ದೇ, ಆದರೆ ಅಲ್ಲಿಗೆ ಹೋಗಿ ಗಾಡಿ ನಿಲ್ಲಿಸೋ ಹೊತ್ತಿಗೆ ನಿಮ್ಮ ಅರ್ಧ ದಿನ ಮುಗಿದಿರುತ್ತದೆ.

ಒಂದುಕಪ್ಪುಕಾಫಿ

ಬೆಂಗಳೂರು ಅರಮನೆಯನ್ನೂ ಬಿಡಿ ಅಂತ ನಾನು ಹೇಳುತ್ತೇನೆ. ಬೈಬೇಡಿ. ಅದು ಗ್ಯಾರೆಟ್ ಅನ್ನೋ ಪಾದ್ರಿ ಮೇಷ್ಟ್ರು ಕಟ್ಟಿಸಿದ ಮನೆ, 1873ರಲ್ಲಿ ಮೈಸೂರಿನವರು ಕೊಂಡು ದೊಡ್ಡದು ಮಾಡಿದ್ದು. ಚೆಂದ ಇದೆ, ಇಂಗ್ಲೆಂಡಿನ ಕೋಟೆ ಥರ. ಆದರೆ ನಾಲ್ಕು ಜನಕ್ಕೆ ಟಿಕೆಟ್ ಖರ್ಚು ನೋಡಿದರೆ ಮೈಸೂರಲ್ಲಿ ಎರಡು ಹೊತ್ತು ಊಟ ಆಗುತ್ತದೆ.

ಹೋಟೆಲ್ ಆಗಿರೋ ಅರಮನೆಗಳ ಬಗ್ಗೆಯೂ ಎಚ್ಚರಿಕೆ. ಒಂದು ಕಡೆ (ಹೆಸರು ಬೇಡ) ನಾನು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ಪಂಚೆ ಉಟ್ಟಿದ್ದರು. ಗೇಟಿನಲ್ಲಿ ರೂಮ್ ಬುಕಿಂಗ್ ಇದೆಯಾ ಅಂದರು. ಇಲ್ಲ, ಕಾಫಿ ಕುಡಿದು ಹೋಗ್ತೀವಿ ಅಂದೆ. ಅದಕ್ಕೂ ಮೊದಲೇ ಬುಕ್ ಮಾಡಬೇಕಂತೆ. ಅಪ್ಪ ಏನೂ ಅನ್ನಲಿಲ್ಲ, ಆಟೋದಲ್ಲಿ ವಾಪಸ್ ಬರುವಾಗ "ರಾಜರ ಕಾಲದಲ್ಲಾದ್ರೂ ಅರ್ಜಿ ಕೊಟ್ಟರೆ ಒಳಗೆ ಬಿಡ್ತಿದ್ರೇನೋ" ಅಂದರು. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ, ಅಷ್ಟೇ.

ಕೊಡಗಿನಮಂಜು

ಮರದ ಅರಮನೆ ಅಂದಿರಿ, ಹಾಗಾಗಿ ಬಾಯಿ ಬಿಡುತ್ತಿದ್ದೇನೆ. ನಮ್ಮ ನಾಲ್ಕುನಾಡು ಅರಮನೆ ಯಾರ ಪಟ್ಟಿಯಲ್ಲೂ ಇಲ್ಲ. ಕಕ್ಕಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಲು ಶುರು ಮಾಡಿಸಿದ್ದು. ಅರಮನೆ ಅಂದರೆ ಅರಮನೆ, ದೊಡ್ಡ ಐನ್‌ಮನೆ (ಕೊಡವರ ಹಿರೀಕರ ಮನೆ) ಅಂದರೆ ಐನ್‌ಮನೆ. ಎರಡು ಅಂತಸ್ತು, ಕೆತ್ತಿದ ಮರ, ಗೋಡೆ ಮೇಲೆ ಮಾಸಿದ ಚಿತ್ರ, ಮುಂದೆ ಒಂದು ಪುಟ್ಟ ಮಂಟಪ. ಕಾಡಿನ ಮಧ್ಯೆ ಯಾಕೆ ಕಟ್ಟಿಸಿದ ಅಂತ ಕೇಳಿ. ಶತ್ರು ಬಂದರೆ ಅಡಗಲು. ಒಳಗೆ ಕತ್ತಲ ಕೋಣೆಗಳಿವೆ, ಅಲ್ಲಿ ನಿಂತರೆ ಹೊರಗೆ ಬರುವವರು ಕಾಣುತ್ತಾರೆ, ನಾವು ಅವರಿಗೆ ಕಾಣಲ್ಲ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನೂ 1834ರಲ್ಲಿ ಇಂಗ್ಲಿಷರು ಬಂದಾಗ ಇಲ್ಲಿಗೇ ಬಂದು ಸೇರಿದ್ದ.

ಈ ಸಲ ನಿಮಗೆ ದಾರಿ ಸುತ್ತಾಗುತ್ತದೆ, ಬಿಡಿ. ಮಗನಿಗೆ ಬೆಟ್ಟ ಹತ್ತೋ ವಯಸ್ಸಾದಾಗ ಬನ್ನಿ.

ಹಳೇಮೈಸೂರು

ಗೈಡ್‌ಗಳ ವಿಷಯ ಬಂದಿದ್ದಕ್ಕೆ ಒಂದು ಮಾತು. ನಾನು ನೋಡಿದ ಎಲ್ಲಾ ಅರಮನೆಯಲ್ಲೂ ಒಂದು ಸುರಂಗ ಇದೆ. ಅದು ಹತ್ತಿರದ ಬೆಟ್ಟಕ್ಕೋ, ನದಿಗೋ, ಪಕ್ಕದ ರಾಜ್ಯಕ್ಕೋ ಹೋಗುತ್ತದೆ. ಮತ್ತು ಅದನ್ನು ಯಾವಾಗಲೂ "ಈಗಷ್ಟೇ ಮುಚ್ಚಿದ್ದಾರೆ ಸರ್". ಮಕ್ಕಳಿಗೆ ಖುಷಿ ಆಗುತ್ತದೆ ಅಂತ ನಾನು ಈಗ ಸುಮ್ಮನಿರುತ್ತೇನೆ.

ಇಟ್ಟಿಗೆಗಾರೆ

ದಾರಿಹೋಕರೇ, ವಾರದ ರಜೆಗಳನ್ನು ಇಟ್ಟುಕೊಂಡು ಒಂದು ದಾರಿ ಹಾಕಿದ್ದೇನೆ, ನೋಡಿ. ಶನಿವಾರ ಶ್ರೀರಂಗಪಟ್ಟಣ. ಭಾನುವಾರ ಮೈಸೂರು ಅರಮನೆ, ಸಂಜೆ ದೀಪ. ಸೋಮವಾರ ಬೆಳಗ್ಗೆ ಜಗನ್ಮೋಹನ ಅರಮನೆ, ಆದರೆ ತೆರೆದಿದೆಯಾ ಕೇಳಿಕೊಳ್ಳಿ, ನಡುವೆ ದುರಸ್ತಿಗೆ ಮುಚ್ಚಿತ್ತು. ಹಳೇ ಅರಮನೆ ಸುಟ್ಟಮೇಲೆ ರಾಜಮನೆತನದವರು ಅಲ್ಲಿದ್ದರು, 1902ರಲ್ಲಿ ನಾಲ್ವಡಿಯವರ ಪಟ್ಟಾಭಿಷೇಕ ನಡೆದದ್ದೂ ಅಲ್ಲೇ. ಹಲ್ದನ್‌ಕರ್ ಬಿಡಿಸಿದ ದೀಪ ಹಿಡಿದ ಹೆಂಗಸಿನ ಚಿತ್ರ ಇರೋದೂ ಅಲ್ಲೇ, ಅಮ್ಮನಿಗೆ ಅದು ಹಿಡಿಸುತ್ತದೆ. ಸಂಜೆ ತೂತುಕುಡಿ ರೈಲು ಹತ್ತಿದರೆ ಮಂಗಳವಾರ ಬೆಳಗ್ಗೆ ಮದುರೈ.

ಮದುರೈಯಲ್ಲಿ ತಿರುಮಲೈ ನಾಯಕನ ಅರಮನೆಗೆ ಎರಡು ಗಂಟೆ ಸಾಕು. 1636ರದ್ದು. ಈಗ ಕಾಣೋದು ಇದ್ದದ್ದರ ಕಾಲು ಭಾಗ ಮಾತ್ರ, ಮೊಮ್ಮಗ ಚೊಕ್ಕನಾಥ ತಿರುಚ್ಚಿಗೆ ಹೋಗುವಾಗ ಬಿಚ್ಚಿಕೊಂಡು ಹೋದ. ಇದು ಮರದ್ದಲ್ಲ, ಗಾರೆಯದು, ಕಂಬಗಳನ್ನು ಇಬ್ಬರು ಮೂವರು ಕೈ ಹಿಡಿದು ತಬ್ಬಿದರೂ ಸಾಲಲ್ಲ. ಕೈಗೆ ಎಟುಕುವಷ್ಟು ಎತ್ತರಕ್ಕೆ ಪ್ರೇಮಿಗಳು ಹೆಸರು ಕೆತ್ತಿ ಹಾಳು ಮಾಡಿದ್ದಾರೆ, ಅದರಿಂದ ಮೇಲೆ ನೋಡಿ.

ಬುಧವಾರ ಪದ್ಮನಾಭಪುರ, ನಾಗರಕೋಯಿಲ್‌ನಿಂದ ಹತ್ತಿರ. ಗುರುವಾರ ತಿರುವನಂತಪುರದಲ್ಲಿ ಕುದಿರಮಾಳಿಗ, ಸ್ವಾತಿ ತಿರುನಾಳ್ ಕಟ್ಟಿಸಿದ್ದು. ಸೂರಿನ ಕೆಳಗೆ 122 ಮರದ ಕುದುರೆ. ಆ ರಾಜ ಕನ್ನಡದಲ್ಲೂ ಕೀರ್ತನೆ ಮಾಡಿದ್ದಾನೆ, ಅಮ್ಮನಿಗೆ ಹೇಳಿ. ಶುಕ್ರವಾರ ಕೊಚ್ಚಿ, ಆದರೆ ಅವತ್ತು ಮಟ್ಟಾಂಚೇರಿ ಅರಮನೆಗೆ ರಜೆ! ಹಾಗಾಗಿ ಶುಕ್ರವಾರ ತೃಪ್ಪೂಣಿತುರದ ಹಿಲ್ ಪ್ಯಾಲೇಸ್, ಶನಿವಾರ ಮಟ್ಟಾಂಚೇರಿ. ರಾತ್ರಿ ಬೆಂಗಳೂರು ರೈಲು. ತಂಜಾವೂರು ಕೈಬಿಡಿ. ಸರಸ್ವತಿ ಮಹಲ್ ಗ್ರಂಥಾಲಯಕ್ಕೆ ಅವಸರದಲ್ಲಿ ಹೋಗೋದು ಪಾಪ.

ಒಂದು ಜೊತೆ ದಪ್ಪ ಕಾಲುಚೀಲ ತಗೊಳ್ಳಿ. ಬರಿಗಾಲು ಒಳಗೆ ಸುಖ, ಅಂಗಳದ ಬಿಸಿಲಲ್ಲಿ ಅಲ್ಲ.

ದಾರಿಹೋಕ

ಇದಕ್ಕಿಂತ ಇನ್ನೇನು ಬೇಕು? ಟಿಕೆಟ್ ಮಾಡಿಸಿದ್ದಾಯಿತು. ಬಂದ ಮೇಲೆ ವರದಿ ಒಪ್ಪಿಸುತ್ತೇನೆ.

ದಾರಿಹೋಕ

ಬಂದೆವು. ತಡವಾಯಿತು, ಕ್ಷಮಿಸಿ. ಉದ್ದ ಬರೆಯುತ್ತೇನೆ, ಮುಂಚೆಯೇ ಹೇಳಿಬಿಡುತ್ತೇನೆ.

ಬೇಲಿ ಸಿಕ್ಕಿದ. ಮಗನೇ ಹುಡುಕಿದ್ದು. ಅವನಿಗೂ ಉಗುರು ಕಚ್ಚೋ ಚಾಳಿ ಇದೆ, ಕಾವೇರಿದಂಡೆಯವರ ಅಜ್ಜಿಯ ಮಾತು ಹೇಳಿದೆ. ಎರಡು ದಿನ ಕಚ್ಚಲಿಲ್ಲ.

ಮೈಸೂರಲ್ಲಿ ಭಾನುವಾರ ಜನವೋ ಜನ. ಒಳಗೆ ನಿಲ್ಲೋಕೆ ಬಿಡದೆ ಹಿಂದಿನಿಂದ ತಳ್ಳುತ್ತಿದ್ದರು. ಆನೆ ಎಣಿಸೋದು ಅರ್ಧಕ್ಕೇ ನಿಂತುಹೋಯಿತು. ಆದರೆ ದೀಪ ಹತ್ತಿದಾಗ ಹಳೇಮೈಸೂರು ಹೇಳಿದ್ದೇ ಆಯಿತು, ಸುತ್ತ ಸಾವಿರ ಜನ ಒಟ್ಟಿಗೆ "ಓ" ಅಂದರು. ಅಮ್ಮ ಮಾತ್ರ "ಕರೆಂಟ್ ಬಿಲ್ ಯಾರು ಕಟ್ತಾರೆ" ಅಂದರು.

ಮದುರೈಯಲ್ಲಿ ಬಾಡಿಗೆ ಕಾರಿನವನು ಅರಮನೆಗೆ ಮುಂಚೆ ಮೂರು ಸೀರೆ ಅಂಗಡಿ ತೋರಿಸಿದ. ಒಂದು ಗಂಟೆ ಹಾಳು. ಹೆಂಡತಿ ಹಾಳು ಅಂತ ಒಪ್ಪುವುದಿಲ್ಲ.

ಈಗ ಪದ್ಮನಾಭಪುರ. ಒಂಬತ್ತೂವರೆಗೆ ಒಳಗಿದ್ದೆವು. ಮೊದಲ ಬಾಗಿಲಲ್ಲೇ ತಲೆ ಬಗ್ಗಿಸಬೇಕು, ನಾನು ಬಗ್ಗಿಸಲಿಲ್ಲ, ಹಣೆಗೆ ಬಿತ್ತು. ಸಣ್ಣ ಮೆಟ್ಟಿಲು ಹತ್ತಿದರೆ ಮಂತ್ರಶಾಲೆ, ಮಂತ್ರಿಗಳ ಜೊತೆ ರಾಜ ಕೂತು ಮಾತಾಡುತ್ತಿದ್ದ ಕೋಣೆ. ಕಿಟಕಿಗೆ ಬಣ್ಣದ ಅಭ್ರಕ. ಆ ಮೆಟ್ಟಿಲು ಕಡಿದು, ಅಮ್ಮ ನನ್ನ ಭುಜ ಹಿಡಿದು ಹತ್ತಿದರು. ಅಲ್ಲಿಗೆ ಬಂದ ಮೇಲೆ ಕೆಳಗೆ ಬಗ್ಗಿ ನೆಲದ ಮೇಲೆ ಅಂಗೈ ಇಟ್ಟರು. ನಮ್ಮ ಹಳೇ ಮನೆಯಲ್ಲಿ ಕೆಂಪು ಗಾರೆ ನೆಲ ಇತ್ತು, ಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹೊಳಪು ತಂದಿದ್ದು ಅಮ್ಮನೇ. ಅಲ್ಲಿದ್ದ ಗೈಡ್ ಇದ್ದಿಲು, ಮೊಟ್ಟೆ ಅಂತ ಹೇಳುತ್ತಿದ್ದರೆ ಅಮ್ಮ ನನ್ನ ಕಡೆ ತಿರುಗಿ, "ಮೊಟ್ಟೆ ಹಾಕಿದ್ರೆ ಹೀಗೆ ಆಗಲ್ಲ. ದಿನಾ ಯಾರೋ ಒರೆಸಿದ್ರೆ ಹೀಗೆ ಆಗೋದು. ಅವರ ಹೆಸರು ಕೇಳು" ಅಂದರು. ಗೈಡ್‌ಗೆ ನಾನು ಹರಕು ಮಲಯಾಳದಲ್ಲಿ ಕೇಳಿದೆ. ಅವರು ನಕ್ಕು ಮಾರ್ತಾಂಡವರ್ಮನ ಹೆಸರು ಹೇಳಿದರು.

ಊಟದ ಮನೆಯಲ್ಲಿ ನಾವು ಜಾಸ್ತಿ ಹೊತ್ತು ಕಳೆದೆವು. ಉದ್ದಾನುದ್ದ ಕೋಣೆ, ಕೆಳಗೊಂದು ಮೇಲೊಂದು, ಒಂದೊಂದರಲ್ಲಿ ಸಾವಿರ ಜನ ಕೂತು ಉಣ್ಣಬಹುದಂತೆ. ಈ ತುದಿಯಲ್ಲಿ ನಿಂತರೆ ಆ ತುದಿಯಲ್ಲಿ ಮಗ ಬೆರಳಷ್ಟು ಕಾಣುತ್ತಿದ್ದ. ಉಪ್ಪಿನಕಾಯಿ ಇಡುತ್ತಿದ್ದ ಚೀನಾದ ಜಾಡಿಗಳಿವೆ, ಮಗ ಒಳಗೆ ಕೂತರೆ ಕಾಣಲ್ಲ ಅಷ್ಟು ದೊಡ್ಡವು. ಅಮ್ಮ ಒಂದು ಜಾಡಿಯ ಪಕ್ಕ ನಿಂತು ಎಷ್ಟು ಮಾವಿನಕಾಯಿ ಹಿಡಿಯುತ್ತದೆ, ಎಷ್ಟು ಸೇರು ಉಪ್ಪು ಬೇಕು ಅಂತ ಲೆಕ್ಕ ಹಾಕಲು ಶುರು ಮಾಡಿದರು. ಸಾವಿರ ಎಲೆ ಹಾಕಿ ಒಂದೊಂದಕ್ಕೂ ಚಿಟಿಕೆ ಉಪ್ಪಿನಕಾಯಿ ಬಡಿಸಿದರೆ ಒಂದು ಜಾಡಿ ಎಷ್ಟು ದಿನಕ್ಕೆ ಬರುತ್ತದೆ ಅಂತ. ನಮ್ಮ ಹಿಂದೆ ಬಂದ ಎರಡು ಗುಂಪು ಮುಂದೆ ಹೋದವು.

ಉಪ್ಪರಿಗೆ ಮಾಳಿಗೆಯ ಮೆಟ್ಟಿಲು ಅಮ್ಮನಿಂದ ಆಗಲಿಲ್ಲ, ತುಂಬಾ ಕಡಿದು. ಕೆಳಗೇ ಕೂತರು. ಮೇಲೆ ರಾಜನ ಮಂಚ ಇದೆ, 64 ಬಗೆಯ ಔಷಧಿ ಮರದಿಂದ ಮಾಡಿದ್ದು ಅಂತಾರೆ. ಅದರ ಮೇಲಿನ ಮಹಡಿ ದೇವರಿಗೆ, ನಮಗೆ ಬಿಡಲ್ಲ. ಮಾರ್ತಾಂಡವರ್ಮ 1750ರಲ್ಲಿ ರಾಜ್ಯವನ್ನೇ ಪದ್ಮನಾಭನಿಗೆ ಬರೆದುಕೊಟ್ಟು ತಾನು ದಾಸ ಅಂದುಕೊಂಡವನು, ಮನೆಯಲ್ಲೂ ಮೇಲಿನ ಕೋಣೆ ಯಜಮಾನನಿಗೇ ಕೊಟ್ಟಿದ್ದಾನೆ.

ಅಂಗಳದಲ್ಲಿ ಒಂದು ಗುಂಡು ಕಲ್ಲಿದೆ. ಸೈನ್ಯಕ್ಕೆ ಸೇರುವವರು ಅದನ್ನು ತಲೆ ಮೇಲಕ್ಕೆ 101 ಸಲ ಎತ್ತಬೇಕಿತ್ತಂತೆ. ಮಗ ತಾನು ಸೇರಲ್ಲ ಅಂದ.

ಕೊಚ್ಚಿ ಬಗ್ಗೆ ಚಿಕ್ಕದಾಗಿ. ಇಟ್ಟಿಗೆಗಾರೆ ಅಷ್ಟು ಬಿಡಿಸಿ ಹೇಳಿದ್ದರೂ ನಾನು ಶುಕ್ರವಾರವೇ ಮಟ್ಟಾಂಚೇರಿ ಬಾಗಿಲಲ್ಲಿ ನಿಂತಿದ್ದೆ. ಚೀಟಿಯಲ್ಲಿ ಹಿಂದುಮುಂದಾಗಿ ಬರೆದುಕೊಂಡಿದ್ದೆ. ಹೆಂಡತಿ ಇನ್ನೂ ಹೇಳುತ್ತಿರುತ್ತಾಳೆ. ಆಮೇಲೆ ಹಿಲ್ ಪ್ಯಾಲೇಸ್‌ಗೆ ಓಡಿದೆವು, ಅದು 54 ಎಕರೆ, ಮಂಡಿಗೆ ಒಳ್ಳೇದಲ್ಲ, ಅರ್ಧ ನೋಡಿ ಬಂದೆವು. ಮಾರನೇ ದಿನ ಮಟ್ಟಾಂಚೇರಿಯ ರಾಮಾಯಣದ ಗೋಡೆ ಸಿಕ್ಕಿತು. ಪೋರ್ಚುಗೀಸರು 1555ರಲ್ಲಿ ಕಟ್ಟಿಸಿಕೊಟ್ಟ ಮನೆ, ಡಚ್ಚರು ರಿಪೇರಿ ಮಾಡಿದ್ದು, ಒಳಗೆ ರಾಮಾಯಣ. ಅಮ್ಮ ಕತೆ ಹೇಳುತ್ತಾ ಹೋದರು. ಪಕ್ಕದಲ್ಲಿದ್ದ ಯಾವುದೋ ಊರಿನ ಮಕ್ಕಳು ಭಾಷೆ ಅರ್ಥವಾಗದಿದ್ದರೂ ಅಮ್ಮನ ಬೆರಳು ಹೋದ ಕಡೆ ನೋಡುತ್ತಿದ್ದರು.

ಇಟ್ಟಿಗೆಗಾರೆ

ನಾನು ಆರು ಸಲ ಹೋಗಿದ್ದೇನೆ, ಒಂದು ಸಲವೂ ಒರೆಸಿದವರ ಬಗ್ಗೆ ಕೇಳಲು ಹೊಳೆಯಲಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಜಾಡಿ ಲೆಕ್ಕ ಎಷ್ಟಕ್ಕೆ ಬಂತು?

ದಾರಿಹೋಕ

ಮುಗಿಯಲಿಲ್ಲ. ಎಲೆಯ ತುದಿಗೆ ಎಷ್ಟು ಬಡಿಸುತ್ತಿದ್ದರು ಅನ್ನುವಲ್ಲಿ ಅಮ್ಮನಿಗೂ ಹೆಂಡತಿಗೂ ಜಗಳ ಆಗಿದೆ.

ಕೊಡಗಿನಮಂಜು, ನಾಲ್ಕುನಾಡಿಗೆ ಯಾವಾಗ ಬರಬಹುದು? ಮಗ ಕತ್ತಲ ಕೋಣೆ ಕೇಳಿದಾಗಿನಿಂದ ಬಿಡುತ್ತಿಲ್ಲ.

ಕೊಡಗಿನಮಂಜು

ಮಳೆ ಮುಗಿದ ಮೇಲೆ ಬನ್ನಿ, ನವೆಂಬರ್ ಹೊತ್ತಿಗೆ. ಅದಕ್ಕೂ ಮುಂಚೆ ಬರೋದಾದರೆ ಜೇಬಲ್ಲಿ ಉಪ್ಪು ಇಟ್ಟುಕೊಳ್ಳಿ, ಉಪ್ಪಿನಕಾಯಿಗಲ್ಲ, ಜಿಗಣೆಗೆ.